ಗುಜರಿ ಸಾಮಾನಿನ ಮಿಶ್ರ ಮಾಧ್ಯಮ ಫಲಕ: ಬಾಗದಂತೆ, ಉದುರದಂತೆ, ಬೂಷ್ಟು ಹಿಡಿಯದಂತೆ ಮಾಡುವ ಕ್ರಮ

ಹಳೆಯ ಕೀಲಿಕೈ, ಲಗ್ನಪತ್ರಿಕೆ, ಸೀರೆಯ ಅಂಚು, ಬಳೆಚೂರು, ಕೆಟ್ಟ ಗಡಿಯಾರದ ಹಲ್ಲುಚಕ್ರ ಇವನ್ನೆಲ್ಲ ಒಂದು ಹಲಗೆಯ ಮೇಲೆ ಕೂರಿಸಿ, ಬಣ್ಣ ಹಚ್ಚಿ, ಗೋಡೆಗೆ ತೂಗುಹಾಕಿದವರಲ್ಲಿ ಹೆಚ್ಚಿನವರು ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಂದೇ ಬಗೆಯ ದೂರುಗಳನ್ನು ಹೇಳುತ್ತಾರೆ. ಹಲಗೆ ದೋಣಿಯಂತೆ ಬಾಗಿದೆ. ಅಂಟಿಸಿದ್ದ ಚಿಲಕ ನಡುರಾತ್ರಿ ನೆಲಕ್ಕೆ ಬಿದ್ದಿದೆ. ಬಿಳಿಯ ಬಣ್ಣದೊಳಗಿಂದ ಕಂದು ಕಲೆ ಮೇಲೆದ್ದಿದೆ. ಸೀರೆಯಂಚಿನ ಮೇಲೆ ಬೂದಿಬಣ್ಣದ ಬೂಷ್ಟು ಹಬ್ಬಿದೆ. ಈ ನಾಲ್ಕೂ ತೊಂದರೆಗಳು ಕೆಲಸದ ಅನುಕ್ರಮ ತಪ್ಪಿದಾಗ ಆಗುವಂಥವು: ಒಣಗುವ ಮೊದಲೇ ಅಂಟಿಸಿದ್ದು, ತುಕ್ಕಿಗೆ ಲೇಪ ಕೊಡುವ ಮೊದಲೇ ಬಣ್ಣ ಹಚ್ಚಿದ್ದು, ಒಂದೇ ಅಂಟಿನಿಂದ ಎಲ್ಲವನ್ನೂ ಕೂರಿಸಲು ಹೊರಟದ್ದು.

ಉದಾಹರಣೆಗೆ 18 ಅಂಗುಲ ಅಗಲ, 24 ಅಂಗುಲ ಎತ್ತರದ ಒಂದು ಫಲಕವನ್ನು ಇಟ್ಟುಕೊಳ್ಳೋಣ. ವಿಷಯ, ಹಳೆಯ ಮನೆಯ ಬಾಗಿಲು. ಸಾಮಗ್ರಿ, ಅಂಥ ಮನೆಯನ್ನು ಕೆಡವುವಾಗ ಅಟ್ಟದಲ್ಲಿಯೂ ಗೋಡೆಗೂಡಿನಲ್ಲಿಯೂ ಸಿಗುವ ಚಿಲ್ಲರೆ ಸಾಮಾನು. ಕೈಕೆಲಸ ಒಟ್ಟು ಹತ್ತು ಹನ್ನೆರಡು ಗಂಟೆಯದು. ಆದರೆ ಒಣಗಲು ಬಿಡುವ ಕಾಲವೂ ಸೇರಿದರೆ ಎರಡರಿಂದ ಮೂರು ವಾರ ಬೇಕಾಗುತ್ತದೆ. ಅದನ್ನು ಒಂದು ಶನಿವಾರ, ಭಾನುವಾರಕ್ಕೆ ಇಳಿಸಲು ಹೊರಟವರೇ ಸಾಮಾನ್ಯವಾಗಿ ನನಗೆ ಮುರಿದ ಫಲಕದ ಚಿತ್ರ ಕಳಿಸುವವರು.

ಬೇಕಾಗುವ ಉಪಕರಣಗಳು ಮತ್ತು ಅಂಟುಗಳು

ತಳಕ್ಕೆ 12 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಬೇಕು. ಬಡಗಿಗಳ ಬಳಿ ಅಡುಗೆಮನೆಯ ಕಪಾಟು ಮಾಡಿ ಉಳಿದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ನೀರಿಗೆ ತಡೆಯುವ ಬಗೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಮರದ ನಾರನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ನುಣುಪಾಗಿ ಕಂಡರೂ ಅಂಚಿನಿಂದ ನೀರು ಕುಡಿದು ಊದಿಕೊಳ್ಳುತ್ತದೆ, ಸ್ಕ್ರೂವನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ರಟ್ಟು ಈ ಕೆಲಸಕ್ಕೆ ಸರ್ವಥಾ ಬೇಡ.

ಉಪಕರಣಗಳೆಂದರೆ ತಂತಿ ಬ್ರಷ್, 80 ಮತ್ತು 150 ನಂಬರಿನ ಉಪ್ಪುಕಾಗದ, ಇಕ್ಕಳ, ಕತ್ತರಿ, ಸಣ್ಣ ಡ್ರಿಲ್ ಅಥವಾ ಕೈಬೈರಿಗೆ, ಒಂದು ಅಂಗುಲದ ಎರಡು ಬ್ರಷ್, ಪುಟ್ಟಿ ಬ್ಲೇಡ್, ಮಾಸ್ಕಿಂಗ್ ಟೇಪ್, ಮೆಹಂದಿ ಕೋನ್ ಮಾಡಲು ಗಟ್ಟಿ ಪ್ಲಾಸ್ಟಿಕ್ ಹಾಳೆ. ಧೂಳು ತಡೆಯುವ ಮಾಸ್ಕ್, ಕನ್ನಡಕ ಮತ್ತು ಕೈಗವಸು ಇಲ್ಲದೆ ಎರಡನೆಯ ಹಂತಕ್ಕೆ ಕೈಹಾಕಬಾರದು.

ಅಂಟುಗಳು ಮೂರು ಬಗೆಯವು ಇರಲಿ: ಕಾಗದ, ಬಟ್ಟೆ, ಮರಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟು, ಲೋಹ ಮತ್ತು ಗಾಜಿಗೆ ಎರಡು ಟ್ಯೂಬುಗಳನ್ನು ಬೆರೆಸುವ ಅರಾಲ್ಡೈಟ್‌ನಂಥ ಎಪಾಕ್ಸಿ, ಚರ್ಮ, ರೆಕ್ಸಿನ್, ರಬ್ಬರಿಗೆ ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಅಂಟು. ಇವುಗಳ ಜೊತೆಗೆ, ಯಾವ ಅಂಟಿಗೂ ಜಗ್ಗದ ವಸ್ತುಗಳಿಗಾಗಿ ಒಂದು ಸುರುಳಿ ತಾಮ್ರದ ತಂತಿ. ಸುಟ್ಟ ಮೋಟರಿನ ವೈಂಡಿಂಗ್ ತಂತಿ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ.

ಹಂತ 1: ಆರಿಸುವುದು, ಅದಕ್ಕಿಂತ ಮುಖ್ಯವಾಗಿ ಬಿಡುವುದು

ಬೆಂಗಳೂರಿನಲ್ಲಿರುವವರಿಗೆ ಜಾಲಿ ಮೊಹಲ್ಲಾ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಉಳಿದ ಊರುಗಳಲ್ಲಿ ರದ್ದಿ ಅಂಗಡಿ, ಸೈಕಲ್ ಶಾಪು, ದರ್ಜಿಯ ಅಂಗಡಿ, ಗಡಿಯಾರ ರಿಪೇರಿಯವರ ಡಬ್ಬಿ ಸಾಕು. ಮೊದಲ ಸಲ ಹೋದವರು ಚೀಲ ತುಂಬ ತರುತ್ತಾರೆ. ಒಂದು ಫಲಕಕ್ಕೆ ಬೇಕಾಗುವುದು ಹೆಚ್ಚೆಂದರೆ ನಾಲ್ಕು ಬಗೆಯ ವಸ್ತು. ನಮ್ಮ ಉದಾಹರಣೆಯಲ್ಲಿ ಕಬ್ಬಿಣ, ಅಂದರೆ ಚಿಲಕ, ಕೀಲಿಕೈ, ಬಾಗಿಲ ಕೀಲು. ಕಾಗದ, ಅಂದರೆ ಹಳೆಯ ಪಂಚಾಂಗದ ಹಾಳೆ ಮತ್ತು ಲಗ್ನಪತ್ರಿಕೆ. ಬಟ್ಟೆ, ಅಂದರೆ ಒಂದೇ ಸೀರೆಯ ಅಂಚು. ಮತ್ತೆ ಒಂದು ಹಿಡಿ ಬಳೆಚೂರು. ಐದನೆಯದು ಸೇರಿದರೆ ಫಲಕ ಅಂಗಡಿಯ ಕಪಾಟಿನಂತೆ ಕಾಣತೊಡಗುತ್ತದೆ ಎಂಬುದು ನನ್ನ ಅನುಭವ. ಇದಕ್ಕೆ ಒಪ್ಪದವರು ಇದ್ದಾರು.

ಮನೆಯೊಳಗೆ ತರಲೇಬಾರದ ವಸ್ತುಗಳಿವೆ. ಸಿ.ಎಫ್.ಎಲ್. ಬಲ್ಬು ಮತ್ತು ಟ್ಯೂಬ್‌ಲೈಟ್‌ಗಳಲ್ಲಿ ಪಾದರಸವಿರುತ್ತದೆ. ಒಡೆದರೆ ಅದರ ಆವಿ ಕೋಣೆಯಲ್ಲಿ ಹರಡುತ್ತದೆ. ಸೋರಿದ ಬ್ಯಾಟರಿ, ಔಷಧಿಯ ಸಿರಿಂಜು, ಹಳೆಯ ಆಸ್ಬೆಸ್ಟಾಸ್ ಶೀಟಿನ ಚೂರು ಇವೂ ಬೇಡ. ಕಂಪ್ಯೂಟರಿನ ಸರ್ಕಿಟ್ ಬೋರ್ಡನ್ನು ಇಡಿಯಾಗಿ ಬಳಸಬಹುದೇ ಹೊರತು ಗರಗಸದಿಂದ ಕೊಯ್ಯುವುದಾಗಲಿ ಉಪ್ಪುಕಾಗದದಿಂದ ಉಜ್ಜುವುದಾಗಲಿ ಮಾಡಬಾರದು, ಏಕೆಂದರೆ ಅದರೊಳಗಿನ ಗಾಜಿನ ನಾರು ಶ್ವಾಸಕೋಶಕ್ಕೆ ಹೋಗುತ್ತದೆ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಂಥ ಮರವನ್ನು ಉಜ್ಜಲೇಬೇಕಾದರೆ ಒದ್ದೆ ಮಾಡಿ, ಮಕ್ಕಳಿಲ್ಲದ ಕಡೆ, ಮಾಸ್ಕ್ ಹಾಕಿಕೊಂಡು ಉಜ್ಜಬೇಕು. ಸಮುದ್ರ ತೀರದಲ್ಲಿ ಸಿಗುವ ಹವಳದ ತುಂಡುಗಳನ್ನು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗುತ್ತದೆ.

ಮನೆಯ ಹಿರಿಯರ ಪತ್ರ, ಮೂಲ ಛಾಯಾಚಿತ್ರ, ಜಾತಕ ಇಂಥವನ್ನು ಫಲಕಕ್ಕೆ ಅಂಟಿಸಬೇಡಿ. ಜೆರಾಕ್ಸ್ ಮಾಡಿಸಿ ಅದನ್ನು ಬಳಸಿ. ಅಂಟಿದ ಕಾಗದ ಮರಳಿ ಬರುವುದಿಲ್ಲ.

ಹಂತ 2: ತೊಳೆದು, ಒಣಗಿಸಿ, ಹುಳ ಕೊಲ್ಲುವುದು

ಬಹುಪಾಲು ಜನ ಹಾರಿಸಿಬಿಡುವ ಹಂತ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಕಬ್ಬಿಣದ ವಸ್ತುಗಳನ್ನು ಮೊದಲು ತಂತಿ ಬ್ರಷ್‌ನಿಂದ ಉಜ್ಜಿ ಸಡಿಲವಾದ ತುಕ್ಕನ್ನು ಉದುರಿಸಬೇಕು. ತುಕ್ಕು ದಪ್ಪವಾಗಿದ್ದರೆ ಬಿಳಿ ವಿನಿಗರ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಆಮ್ಲವನ್ನು ಕಳೆದು, ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಡಬೇಕು. ಕೂಡಲೇ ಎಂಬ ಮಾತನ್ನು ಗಮನಿಸಿ: ಒದ್ದೆಯಾಗಿ ಅರ್ಧ ಗಂಟೆ ಬಿಟ್ಟರೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹೂವಿನಂತೆ ಏಳುತ್ತದೆ. ಸತುವಿನ ಲೇಪವಿರುವ ಬೆಳ್ಳಗಿನ ಮೊಳೆ, ಹಿತ್ತಾಳೆಯ ಗುಂಡಿ ಇವನ್ನು ಕಬ್ಬಿಣದೊಂದಿಗೆ ಒಂದೇ ಪಾತ್ರೆಯಲ್ಲಿ ನೆನೆಸಬೇಡಿ. ಹಿತ್ತಾಳೆಗೆ ಹುಣಸೆಹಣ್ಣೇ ಸಾಕು, ಆದರೆ ಹುಳಿ ಉಳಿಯದಂತೆ ಚೆನ್ನಾಗಿ ತೊಳೆಯದಿದ್ದರೆ ಹಸಿರು ಕಿಲುಬು ಬರುತ್ತದೆ.

ಒಣಗಿದ ಕಬ್ಬಿಣಕ್ಕೆ ಆ ದಿನವೇ ಪಾರದರ್ಶಕ ವಾರ್ನಿಷ್ ಎರಡು ಕೈ ಹಚ್ಚಬೇಕು. ತುಕ್ಕಿನ ಬಣ್ಣವೇ ಚೆಂದವೆಂದು ಉಳಿಸಿಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ನೀರಿನಲ್ಲಿ ಕರಗುವ ವಾರ್ನಿಷ್ ಬೇಡ, ಟರ್ಪೆಂಟೈನ್ ಅಥವಾ ಥಿನ್ನರ್‌ನಲ್ಲಿ ತೆಳುವಾಗುವ ಬಗೆಯದೇ ಆಗಬೇಕು. ಲೇಪವಿಲ್ಲದ ಕಬ್ಬಿಣದ ಸುತ್ತ ಬಿಳಿ ಅಂಟು ಅಥವಾ ನೀರಿನ ಬಣ್ಣ ತಾಗಿದಾಗ ಅದರೊಳಗಿನ ನೀರು ತುಕ್ಕನ್ನು ಕರೆದು ತರುತ್ತದೆ. ಎರಡು ವಾರದ ಮೇಲೆ ಕೀಲಿಕೈಯ ಸುತ್ತ ಚಹಾ ಚೆಲ್ಲಿದಂಥ ಕಂದು ಉಂಗುರ ಮೂಡುತ್ತದೆ. ಲೇಪ ಸರಿಯಾಗಿದೆಯೇ ಎಂದು ತಿಳಿಯಲು ವಸ್ತುವನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಬಟ್ಟೆಗೆ ಕಂದು ಗುರುತು ಹತ್ತಿದರೆ ಇನ್ನೊಂದು ಕೈ ಹಚ್ಚಿ.

ಬಟ್ಟೆಯನ್ನು ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆದು, ಇಸ್ತ್ರಿ ಮಾಡಿ. ಗಂಜಿಯೇ ಬೂಷ್ಟಿಗೂ ಜಿರಲೆಗೂ ಆಹಾರ. ಬಣ್ಣ ಬಿಡುವ ಬಟ್ಟೆಯೇ ಎಂದು ನೋಡಲು ಒದ್ದೆ ಹತ್ತಿಯನ್ನು ಮೂಲೆಯೊಂದರ ಮೇಲೆ ಒತ್ತಿ ಹಿಡಿದರೆ ಸಾಕು. ರಾಣಿ ಗುಲಾಬಿ ಮತ್ತು ಕಡು ಕೆಂಪು ಬಣ್ಣದ ಹಳೆಯ ಸೀರೆಗಳು ಹೆಚ್ಚಾಗಿ ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಲಗ್ನಪತ್ರಿಕೆಯ ಮೂಲೆಯ ಅರಿಶಿನದ ಗುರುತನ್ನು ಉಳಿಸಿಕೊಳ್ಳಬೇಕೆಂದು ಎಲ್ಲರಿಗೂ ಆಸೆ. ಎರಡು ಸಂಗತಿ ನೆನಪಿರಲಿ. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಕಿಟಕಿಯ ಎದುರಿನ ಗೋಡೆಯಲ್ಲಿ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಜೊತೆಗೆ ಸೋಪು, ಸುಣ್ಣ, ಸೋಡಾ ಇಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ. ಆರತಿಯ ಓಕುಳಿ ಕೆಂಪಾಗುವುದೂ ಹೀಗೆಯೇ ಅಲ್ಲವೆ? ಸೋಡಾ ನೀರಿನಿಂದ ತೆಗೆದ ಕೀಲಿಕೈಯನ್ನು ಸರಿಯಾಗಿ ತೊಳೆಯದೆ ಆ ಮೂಲೆಯ ಮೇಲೆ ಇಟ್ಟವರೊಬ್ಬರ ಫಲಕದಲ್ಲಿ ಕೀಲಿಕೈಯ ಆಕಾರದ ಕೆಂಪು ನೆರಳು ಉಳಿದುಬಿಟ್ಟದ್ದನ್ನು ನೋಡಿದ್ದೇನೆ. ಆ ಗುರುತು ಬೇಕೇ ಬೇಕೆಂದಿದ್ದರೆ ಬಣ್ಣದ ಜೆರಾಕ್ಸ್ ಉತ್ತಮ.

ಮರದ ಚೂರು, ಬೀಜ, ಗರಟೆ, ಅಡಿಕೆ ಹಾಳೆ ಬಳಸುವವರು ಅವನ್ನು ಒಣಗಿಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ವಾರ ಇಡಬೇಕು. ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ವಸ್ತುವಿನ ಮೇಲೆ ಗಾಳಿಯ ತೇವ ಕೂರುತ್ತದೆ. ಅಡಿಕೆ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಒರಳುಗಲ್ಲಿನಂಥ ಭಾರ ಹೇರಿ ನಾಲ್ಕು ದಿನ ಬಿಟ್ಟರೆ ಮಾತ್ರ ಚಪ್ಪಟೆಯಾಗಿ ನಿಲ್ಲುತ್ತದೆ. ಅಕ್ಕಿ, ಬೇಳೆ, ರಾಗಿ ಬಳಸಬೇಡಿ ಎಂದು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ಫ್ರೀಜರಿನಲ್ಲಿ ಹಳೆಯ ಹುಳ ಸತ್ತರೂ ಹೊಸ ಹುಳ ಬರುತ್ತದೆ.

ಹಂತ 3: ಹಲಗೆಯ ಆರು ಮೈಗಳಿಗೂ ಲೇಪ

ಹಲಗೆಗೆ ಮುಂಭಾಗ, ಹಿಂಭಾಗ ಮತ್ತು ನಾಲ್ಕು ಅಂಚುಗಳು ಸೇರಿ ಆರು ಮೈ. ಮುಂಭಾಗಕ್ಕೆ ಮಾತ್ರ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ, ಹಚ್ಚಿದರೆ ಹಿಂಭಾಗ ಮಳೆಗಾಲದ ತೇವವನ್ನು ಕುಡಿದು ಹಿಗ್ಗುತ್ತದೆ, ಮುಂಭಾಗ ಹಿಗ್ಗುವುದಿಲ್ಲ, ಹಲಗೆ ಬಾಗುತ್ತದೆ. ಆದ್ದರಿಂದ 150 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ನೀರಿನಲ್ಲಿ ತೆಳುವಾಗುವ ಬಿಳಿ ವುಡ್ ಪ್ರೈಮರನ್ನು ಆರೂ ಮೈಗೆ ಎರಡು ಕೈ ಹಚ್ಚಿ. ಅಂಚಿಗೆ ಮೂರನೆಯ ಕೈಯೂ ಬೇಕು, ಏಕೆಂದರೆ ಪ್ಲೈವುಡ್ಡಿನ ಪದರಗಳು ಅಲ್ಲಿ ಬಾಯಿ ತೆರೆದಿರುತ್ತವೆ.

ಅಂಗಡಿಯಲ್ಲಿ ಎಣ್ಣೆಯ ಪ್ರೈಮರ್ ಕೊಟ್ಟರೆ ವಾಪಸು ಮಾಡಿ. ಅದರ ಮೇಲೆ ಬಿಳಿ ಅಂಟೂ ಅಕ್ರಿಲಿಕ್ ಬಣ್ಣವೂ ಕಚ್ಚಿಕೊಳ್ಳದೆ ಸಿಪ್ಪೆಯಂತೆ ಏಳುತ್ತವೆ. ಒಣಗಿಸಲು ಬಿಸಿಲಿಗೆ ಇಡುವುದೂ ತಪ್ಪು: ಒಂದು ಮೈ ಕಾದು ಇನ್ನೊಂದು ತಣ್ಣಗಿದ್ದಾಗ ಹಲಗೆ ಅಲ್ಲಿಯೇ ಸೊಟ್ಟಗಾಗುತ್ತದೆ. ಎರಡು ಇಟ್ಟಿಗೆಗಳ ಮೇಲೆ ಅಡ್ಡಲಾಗಿಟ್ಟು ಫ್ಯಾನ್ ಹಾಕಿದರೆ ಸಾಕು.

ಹಂತ 4: ಅಂಟಿಲ್ಲದ ಜೋಡಣೆ

ಪ್ರೈಮರ್ ಒಣಗಿದ ಹಲಗೆಯನ್ನು ನೆಲದ ಮೇಲಿಟ್ಟು, ಒಂದು ಹನಿ ಅಂಟೂ ಬಳಸದೆ ಎಲ್ಲ ವಸ್ತುಗಳನ್ನು ಜೋಡಿಸಿ ನೋಡಿ. ಭಾರದ ವಸ್ತುಗಳನ್ನು ಮೊದಲು ಇಡಬೇಕು, ಹಗುರವಾದವು ಅವಕ್ಕೆ ಹೊಂದಿಕೊಳ್ಳುತ್ತವೆ. ಚಿಲಕ, ಕೀಲುಗಳು ಹಲಗೆಯ ಒಂದೇ ಪಕ್ಕಕ್ಕೆ ಬಿದ್ದರೆ ತೂಗುಹಾಕಿದಾಗ ಫಲಕ ವಾಲುತ್ತದೆ. ಹಲಗೆಯ ಮೂರನೆಯ ಒಂದು ಭಾಗದಷ್ಟಾದರೂ ಬರಿದಾಗಿರಲಿ ಎಂಬುದು ನಾನು ಪಾಲಿಸುವ ನಿಯಮ.

ಜೋಡಣೆ ಸರಿಯೆನಿಸಿದ ಮೇಲೆ ನೇರ ಮೇಲಿನಿಂದ ಮೊಬೈಲಿನಲ್ಲಿ ಫೋಟೊ ತೆಗೆದು, ಆ ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದಾಗ ಎಲ್ಲವೂ ಒಂದೇ ಬೂದಿಯಾಗಿ ಕಂಡರೆ ಗಾಢ ಮತ್ತು ತಿಳಿಯ ವ್ಯತ್ಯಾಸ ಸಾಲದು ಎಂದರ್ಥ. ಒಂದಿಷ್ಟು ಹಿನ್ನೆಲೆಯನ್ನು ಗಾಢ ಮಾಡಬೇಕಾಗುತ್ತದೆ. ರಾತ್ರಿ ಹಾಗೆಯೇ ಬಿಟ್ಟು ಬೆಳಗ್ಗೆ ಇನ್ನೊಮ್ಮೆ ನೋಡಿ. ಆಮೇಲೆ ಪ್ರತಿ ಭಾರದ ವಸ್ತುವಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ವಸ್ತುವಿಗೂ ಅದರ ಜಾಗಕ್ಕೂ ಒಂದೇ ಸಂಖ್ಯೆ ಬರೆದು, ಎಲ್ಲವನ್ನೂ ತೆಗೆದಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಕವನ್ನೂ ನೋಡಿಕೊಳ್ಳಿ. ಈ ಅಳತೆಯ ಪ್ಲೈವುಡ್ಡೇ ಸುಮಾರು 2 ಕೆ.ಜಿ. ಇರುತ್ತದೆ, ಒಟ್ಟು 5 ಕೆ.ಜಿ. ದಾಟದಂತೆ ನೋಡಿಕೊಂಡರೆ ತೂಗುಹಾಕುವಾಗ ಗೋಳಿರುವುದಿಲ್ಲ.

ಹಂತ 5: ಕಾಗದ ಮತ್ತು ಬಟ್ಟೆ

ಕಾಗದಕ್ಕೆ ಎರಡು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು. ಇದಕ್ಕಿಂತ ತೆಳುವಾದರೆ ಕಾಗದ ನೆನೆದು ಹರಿಯುತ್ತದೆ, ಹಿಡಿತವೂ ಕಡಿಮೆ. ಮೈದಾ ಗೋಂದು ಬೇಡ. ಹಳೆಯ ಬೈಂಡಿಂಗ್ ಕೆಲಸದವರು ಹುಳ ಬರದಂತೆ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮನೆಯಲ್ಲಿ ಆ ಪ್ರಯೋಗ ಮಾಡುವಂಥದ್ದಲ್ಲ.

ದಪ್ಪ ಕಾಗದದ ಹಿಂಬದಿಗೆ ಒದ್ದೆ ಸ್ಪಂಜು ಸವರಿ ಎರಡು ನಿಮಿಷ ಬಿಟ್ಟರೆ ಅದು ಹಿಗ್ಗಬೇಕಾದಷ್ಟು ಮೊದಲೇ ಹಿಗ್ಗಿಕೊಳ್ಳುತ್ತದೆ. ಹಲಗೆಗೂ ಕಾಗದಕ್ಕೂ ಅಂಟು ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತ ಗಾಳಿಯನ್ನು ಹೊರಹಾಕಬೇಕು. ಉಳಿದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಒತ್ತಿ. ಪಂಚಾಂಗದಂಥ ತೆಳುವಾದ ಹಾಳೆಯಲ್ಲಿ ಹಿಂಬದಿಯ ಅಕ್ಷರ ಮುಂಬದಿಗೆ ಕಾಣುತ್ತದೆ. ಅದನ್ನು ಮೊದಲು ಬಿಳಿ ಹಾಳೆಯೊಂದಕ್ಕೆ ಅಂಟಿಸಿ ಒಣಗಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಜೆರಾಕ್ಸ್ ಮತ್ತು ಲೇಸರ್ ಮುದ್ರಣದ ಕಪ್ಪು ನೀರಿಗೆ ಹರಡುವುದಿಲ್ಲ, ಮನೆಯ ಇಂಕ್‌ಜೆಟ್ ಪ್ರಿಂಟರಿನದು ಹರಡುತ್ತದೆ. ಸುದ್ದಿಪತ್ರಿಕೆಯ ಕಾಗದ ಹಳದಿಯಾಗುವುದನ್ನು ಯಾವ ಲೇಪವೂ ಪೂರ್ತಿ ತಡೆಯದು. ಹಳದಿಯಾದರೂ ಚೆಂದವೆನಿಸುವ ಕಡೆ ಮಾತ್ರ ಅದನ್ನು ಬಳಸಿ.

ಮುಂಭಾಗಕ್ಕೆ ಎಷ್ಟು ಪದರ ಕಾಗದ ಹಚ್ಚಿದಿರೋ ಅಷ್ಟೇ ಪದರ ರದ್ದಿ ಕಾಗದವನ್ನು ಹಿಂಭಾಗಕ್ಕೂ ಹಚ್ಚಬೇಕು. ಒಣಗುವ ಕಾಗದ ಹಲಗೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಹಿಂದಿನಿಂದಲೂ ಅಷ್ಟೇ ಬಲದ ಎಳೆತವಿದ್ದರೆ ಹಲಗೆ ನೇರವಾಗಿ ನಿಲ್ಲುತ್ತದೆ. ದೋಣಿಯಾದ ಫಲಕಗಳಲ್ಲಿ ನಾನು ಕಂಡ ಹತ್ತಕ್ಕೆ ಎಂಟರಲ್ಲಿ ಹಿಂಭಾಗ ಬರಿದಾಗಿತ್ತು.

ಬಟ್ಟೆಗೆ ನೀರು ಬೆರೆಸದ ಅಂಟನ್ನು ಹಲಗೆಗೆ ಮಾತ್ರ ತೆಳುವಾಗಿ ಸವರಿ, ಸೀರೆಯಂಚನ್ನು ಮೇಲಿಟ್ಟು ಒತ್ತಬೇಕು. ದಪ್ಪಗೆ ಹಚ್ಚಿದರೆ ಅಂಟು ನೇಯ್ಗೆಯೊಳಗಿಂದ ಉಕ್ಕಿ, ಒಣಗಿದ ಮೇಲೆ ಜರಿಯ ಮೇಲೆ ಹೊಳೆಯುವ ಕಲೆಯಾಗುತ್ತದೆ.

ಇನ್ನು ಕಾಯುವ ವಿಷಯ. ಬೇಸಿಗೆಯಲ್ಲಿ 24 ಗಂಟೆ ಸಾಕು; ಆಷಾಢದಲ್ಲಿ ಕರಾವಳಿ, ಮಲೆನಾಡಿನವರು ಮೂರು ದಿನ ಲೆಕ್ಕ ಹಾಕಬೇಕು. ಬಿಳಿ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ. ಎಲ್ಲಿಯಾದರೂ ಹಾಲಿನಂತೆ ಬೆಳ್ಳಗೆ ಕಂಡರೆ ಅಲ್ಲಿ ನೀರಿದೆ. ಮುಂಗೈಯನ್ನು ಹಲಗೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಈ ತೇವದ ಮೇಲೆ ಬಣ್ಣ ಮುಚ್ಚಿದರೆ ಬೂಷ್ಟನ್ನು ನೀವೇ ಒಳಗಿಟ್ಟು ಬಾಗಿಲು ಹಾಕಿದಂತೆ.

ಹಂತ 6: ಉಬ್ಬುಗೆರೆ ಮತ್ತು ಒರಟು ಮೈ

ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ಹಾಳೆಯ ಅಡಿಗೆ ಎಳೆಯುವ, ಗೆಸ್ಸೊ ಎಂಬ ಗಟ್ಟಿ ಪಾಕದ ಉಬ್ಬುಗೆರೆಗಳನ್ನು ನೋಡಿದವರಿಗೆ ಈ ಕೆಲಸದ ಬಗೆ ಅರ್ಥವಾಗುತ್ತದೆ. ಅಲ್ಲಿಯ ಸಾಂಪ್ರದಾಯಿಕ ಪಾಕ ಬೇರೆ. ನಮಗೆ ಎರಡು ಪಾಲು ಚಾಕ್ ಪೌಡರ್, ಒಂದು ಪಾಲು ಬಿಳಿ ಅಂಟು, ಒಂದು ಚಮಚ ಬಿಳಿ ಅಕ್ರಿಲಿಕ್ ಬಣ್ಣ ಸಾಕು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಚಕ್ಕುಲಿ ಹಿಟ್ಟಿಗಿಂತ ಸಡಿಲವಾಗಿರಬೇಕು. ಬಟ್ಟೆಯಲ್ಲಿ ಸೋಸಿ ಮೆಹಂದಿ ಕೋನಿಗೆ ತುಂಬಿ ಬಾಗಿಲ ಚೌಕಟ್ಟಿನ ಗೆರೆಗಳನ್ನು ಎಳೆಯಿರಿ. ಪುಟ್ಟಿ ಬ್ಲೇಡಿನಿಂದ ಸವರಿದರೆ ಗಾರೆ ಗೋಡೆಯ ಮೈ ಬರುತ್ತದೆ. ಒಂದು ಸಲಕ್ಕೆ 3 ಮಿ.ಮೀ. ಮೀರಬಾರದು, ಮೀರಿದರೆ ಬಿರುಕು ಬಿಡುತ್ತದೆ.

ಗೋಡೆಗೆ ಹಚ್ಚುವ ಪುಟ್ಟಿಯನ್ನೋ ಸಿಮೆಂಟನ್ನೋ ಇದರ ಬದಲಿಗೆ ಬಳಸುವವರು ಹಲವರಿದ್ದಾರೆ. ಚಂಡೀಗಢದ ರಾಕ್ ಗಾರ್ಡನ್ನಿನಲ್ಲಿ ಅದನ್ನು ಕಟ್ಟಿದ ಶಿಲ್ಪಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಸಿಮೆಂಟಿನಲ್ಲಿಯೇ ಕೂರಿಸಿದ್ದಾರಲ್ಲ ಎಂದು ಕೇಳುತ್ತಾರೆ. ಅಲ್ಲಿ ಪ್ರತಿಮೆಗಳ ಮೈಯೇ ಸಿಮೆಂಟಿನದು. ಪ್ಲೈವುಡ್ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಅದರೊಂದಿಗೆ ಚಲಿಸುವುದಿಲ್ಲ. ಆದ್ದರಿಂದ ಹಾಳೆ ಹಾಳೆಯಾಗಿ ಕಳಚುತ್ತದೆ.

ಹಂತ 7: ಹಿನ್ನೆಲೆಯ ಬಣ್ಣ

ಭಾರದ ವಸ್ತುಗಳನ್ನು ಕೂರಿಸುವ ಮೊದಲೇ ಹಿನ್ನೆಲೆಗೆ ಬಣ್ಣ ಹಚ್ಚಬೇಕು, ಏಕೆಂದರೆ ಆಮೇಲೆ ಚಿಲಕದ ಅಡಿಗೆ ಬ್ರಷ್ ಹೋಗುವುದಿಲ್ಲ. ಆದರೆ ಅಮೆರಿಕದ ಶಿಲ್ಪಿ ಲೂಯಿಸ್ ನೆವೆಲ್ಸನ್ ಮರದ ಚೂರುಗಳ ಜೋಡಣೆಗಳಿಗೆ ಇಡಿಯಾಗಿ ಕಪ್ಪು ಬಳಿದಂತೆ ನೀವೂ ಇಡೀ ಫಲಕಕ್ಕೆ ಒಂದೇ ಬಣ್ಣ ಕೊಡುವುದಾದರೆ ಎಂಟನೆಯ ಹಂತ ಮುಗಿಸಿ ಇಲ್ಲಿಗೆ ಬನ್ನಿ.

ಗಾಢ ಬಣ್ಣವನ್ನು ನೀರಾಗಿಸಿ ಉಬ್ಬುಗೆರೆಗಳ ಮೇಲೆ ಹರಿಯಬಿಟ್ಟು, ಒಂದು ನಿಮಿಷದೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಅದು ಒಣಗಿದ ಮೇಲೆ ಬ್ರಷ್ಷಿನಲ್ಲಿ ತುಸುವೇ ತಿಳಿ ಬಣ್ಣ ಹಿಡಿದು ಉಬ್ಬಿನ ಮೇಲೆ ಸವರಿದರೆ ಹಳತಿನ ನೋಟ ಬರುತ್ತದೆ. ಬಣ್ಣಗಳ ವಿಷಯದಲ್ಲಿ ಮುರಿಯಬಾರದ ಕ್ರಮ ಒಂದೇ: ಅಕ್ರಿಲಿಕ್‌ನ ಮೇಲೆ ಎಣ್ಣೆಬಣ್ಣ, ಎನಾಮೆಲ್ ಬರಬಹುದು, ಎಣ್ಣೆಬಣ್ಣ, ಎನಾಮೆಲ್‌ಗಳ ಮೇಲೆ ಅಕ್ರಿಲಿಕ್ ಬರಬಾರದು. ಫಲಕದಲ್ಲಿ ಥರ್ಮೊಕೋಲ್ ಇದ್ದರೆ ಸ್ಪ್ರೇ ಪೇಂಟ್ ತಾಗಿಸಬೇಡಿ. ಅದರ ದ್ರಾವಕ ಥರ್ಮೊಕೋಲನ್ನು ಕಣ್ಣೆದುರೇ ಕರಗಿಸಿ ಗುಳಿ ಮಾಡುತ್ತದೆ. ಚಪ್ಪಲಿ ಅಂಟೂ ಅಷ್ಟೆ.

ಹಂತ 8: ಭಾರದ ವಸ್ತುಗಳನ್ನು ಕೂರಿಸುವುದು

ಬಿಳಿ ಅಂಟು ಒಣಗುವುದು ಅದರೊಳಗಿನ ನೀರು ಹೊರಟುಹೋದಾಗ. ಲೋಹ, ಗಾಜುಗಳು ನೀರನ್ನು ಹೀರುವುದಿಲ್ಲ. ಹಾಗಾಗಿ ಅವುಗಳ ಅಡಿಯ ಅಂಟು ಅಂಚಿನಲ್ಲಿ ಒಣಗಿ ನಡುವಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ, ಒಣಗಿದ ಭಾಗಕ್ಕೂ ನುಣುಪಾದ ಲೋಹದ ಮೇಲೆ ಹಿಡಿತ ಸಾಲದು. ಚಿಲಕ ಬೀಳುವುದು ಇದೇ ಕಾರಣಕ್ಕೆ. ಬಿಸಿ ಮಾಡಿ ಒತ್ತುವ ಗ್ಲೂ ಗನ್ ಬೇಗ ಹಿಡಿಯುವುದರಿಂದ ಎಲ್ಲರಿಗೂ ಪ್ರಿಯ. ನನ್ನ ಮೊದಲ ಫಲಕವೂ ಅದರಲ್ಲೇ ಆದದ್ದು. ಪಶ್ಚಿಮದ ಗೋಡೆಗೆ ತೂಗುಹಾಕಿದ್ದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಕೀಲಿಕೈಗಳು ಒಂದೊಂದಾಗಿ ಕೆಳಗೆ ಜಾರಿ, ಹಿಂದೆ ಬಸವನಹುಳು ಹರಿದಂಥ ಗೆರೆ ಬಿಟ್ಟಿದ್ದವು. ಫೆವಿಕ್ವಿಕ್‌ನಂಥ ದಿಢೀರ್ ಅಂಟು ಗಟ್ಟಿಯಾದರೂ ಗಾಜಿನಂತೆ ಪೆಡಸು. ಬಾಗಿಲು ಧಡ್ಡೆಂದು ಬಿದ್ದ ಅದುರಿಗೆ ಬಿಟ್ಟುಕೊಳ್ಳುತ್ತದೆ, ಸುತ್ತ ಬಿಳಿ ಮಬ್ಬನ್ನೂ ಕೂರಿಸುತ್ತದೆ.

ಲೋಹಕ್ಕೆ ಎಪಾಕ್ಸಿಯೇ ಸರಿ. ವಸ್ತುವಿನ ಅಡಿಭಾಗವನ್ನೂ ಹಲಗೆಯಲ್ಲಿ ಗುರುತಿಸಿದ ಜಾಗವನ್ನೂ 80 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ, ಲೋಹವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಎರಡು ಟ್ಯೂಬುಗಳಿಂದ ಸಮ ಪಾಲು ತೆಗೆದು ಟೈಲ್ಸ್ ಚೂರಿನ ಮೇಲೆ ಪೂರ್ತಿ ಒಂದು ನಿಮಿಷ ಕಲಸಿ. ಒಂದು ಪಾಲು ಹೆಚ್ಚು ಹಾಕಿದರೆ ಬೇಗ ಹಿಡಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಳತೆ ತಪ್ಪಿದ ಎಪಾಕ್ಸಿ ಎಂದಿಗೂ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಹಲಗೆ ಮಲಗಿರಲಿ, ವಸ್ತು ಜಾರದಂತೆ ಮಾಸ್ಕಿಂಗ್ ಟೇಪ್ ಹಾಕಿ ಒಂದು ರಾತ್ರಿ ಮುಟ್ಟಬೇಡಿ. ಕಿಟಕಿ ತೆರೆದಿರಲಿ, ಚರ್ಮಕ್ಕೆ ತಾಗದಂತೆ ಕೈಗವಸು ಇರಲಿ.

50 ಗ್ರಾಂ ಮೀರಿದ ಯಾವ ವಸ್ತುವನ್ನೂ ನಾನು ಅಂಟನ್ನಷ್ಟೇ ನಂಬಿ ಕೂರಿಸುವುದಿಲ್ಲ. ಚಿಲಕ, ಕೀಲುಗಳಲ್ಲಿ ಸ್ಕ್ರೂ ತೂತು ಮೊದಲೇ ಇರುತ್ತದೆ, 12 ಮಿ.ಮೀ. ಹಲಗೆಗೆ 10 ಮಿ.ಮೀ. ಸ್ಕ್ರೂ ಹಾಕಿದರೆ ಹಿಂಬದಿಗೆ ತುದಿ ಚಾಚುವುದಿಲ್ಲ. ಕೀಲಿಕೈಯ ಉಂಗುರದ ಎರಡು ಪಕ್ಕಕ್ಕೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯನ್ನು ಮುಂದಿನಿಂದ ಹಿಂದಕ್ಕೆ ಹಾಯಿಸಿ, ಇಕ್ಕಳದಲ್ಲಿ ತಿರುಚಿ ಬಿಗಿಯಬೇಕು. ಬಕೆಟ್, ಶಾಂಪೂ ಬಾಟಲಿ, ನೀರಿನ ಬಾಟಲಿಯ ಮುಚ್ಚಳಗಳಿಗಂತೂ ತಂತಿಯೊಂದೇ ದಾರಿ, ಏಕೆಂದರೆ ಆ ಬಗೆಯ ಪ್ಲಾಸ್ಟಿಕ್‌ಗೆ ಮನೆಯಲ್ಲಿರುವ ಯಾವ ಅಂಟೂ ನಿಲ್ಲದು. ಘಾನಾ ಮೂಲದ ಶಿಲ್ಪಿ ಎಲ್ ಅನಾತ್ಸುಯಿ ಸಾವಿರಾರು ಲೋಹದ ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಿಂದಲೇ ಹೆಣೆದು ಗೋಡೆಯಗಲದ ಹಾಸುಗಳನ್ನು ಮಾಡಿರುವುದು ನೆನಪಿರಲಿ. ತಂತಿ ಕಣ್ಣಿಗೆ ಕಂಡರೆ ಕೆಲಸ ಕೆಟ್ಟಿತೆಂದು ಅಳುಕಬೇಕಾಗಿಲ್ಲ.

ಬಳೆಚೂರುಗಳನ್ನು ಇಕ್ಕಳದಿಂದಲೇ ಹಿಡಿದು, ಚೂಪಾದ ತುದಿಗಳನ್ನು ಒದ್ದೆ ಉಪ್ಪುಕಾಗದದ ಮೇಲೆ ಉಜ್ಜಿ, ಎಪಾಕ್ಸಿಯ ತೆಳುವಾದ ಗೆರೆಯಲ್ಲಿ ಕೂರಿಸಿ. ರೆಕ್ಸಿನ್, ಚರ್ಮಕ್ಕೆ ಹಳದಿ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಂತಾಗುವವರೆಗೆ ಹತ್ತು ಹದಿನೈದು ನಿಮಿಷ ಕಾದು, ಆಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು.

ಹಂತ 9: ವಾರ್ನಿಷ್

ಕೊನೆಯ ಬಣ್ಣ ಹಚ್ಚಿ ಮೂರು ದಿನ ಬಿಟ್ಟು, ಅಕ್ರಿಲಿಕ್ ವಾರ್ನಿಷನ್ನು ತೆಳುವಾಗಿ ಎರಡು ಕೈ, ನಡುವೆ ಆರು ಗಂಟೆ ಬಿಟ್ಟು ಹಚ್ಚಿ. ಹಿನ್ನೆಲೆಗೆ ಹೊಳಪಿಲ್ಲದ ಬಗೆ ಒಪ್ಪುತ್ತದೆ. ಬಳೆಚೂರಿಗೆ ಏನೂ ಬೇಡ. ಮಳೆ ಬೀಳುವ ದಿನ ಸ್ಪ್ರೇ ವಾರ್ನಿಷ್ ಹೊಡೆದರೆ ಗಾಳಿಯ ತೇವ ಸಿಕ್ಕಿಬಿದ್ದು ಮೈಮೇಲೆ ಹಾಲುಗೆನೆಯಂಥ ಪೊರೆ ಕೂರುತ್ತದೆ. ಬಿಳಿ ಅಂಟನ್ನೇ ನೀರಾಗಿಸಿ ವಾರ್ನಿಷ್ ಬದಲಿಗೆ ಬಳಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ತೇವಕ್ಕೆ ಮೆತ್ತಗಾಗಿ ಧೂಳು ಹಿಡಿಯುತ್ತದೆ, ಎರಡನೆಯ ವರ್ಷಕ್ಕೆ ಫಲಕ ಮಸುಕಾಗುತ್ತದೆ.

ಹಂತ 10: ತೂಗುಹಾಕುವುದು

ಹಿಂಭಾಗದಲ್ಲಿ ಮೇಲಿನಿಂದ ಮೂರನೆಯ ಒಂದು ಭಾಗದಷ್ಟು ಕೆಳಗೆ, ಎರಡೂ ಪಕ್ಕಕ್ಕೆ ಫೋಟೊ ಫ್ರೇಮಿನ ಕೊಂಡಿಗಳನ್ನು ಸ್ಕ್ರೂ ಹಾಕಿ ಕೂರಿಸಿ, ನಡುವೆ ಹೆಣೆದ ತಂತಿ ಕಟ್ಟಿ. ಗೋಡೆಯಲ್ಲಿ ಒಂದೇ ಮೊಳೆ ಸಾಲದು. ಆರೇಳು ಅಂಗುಲ ಅಂತರದಲ್ಲಿ ಎರಡು ಕಡೆ ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿ. ಕೆಳಗಿನ ಎರಡು ಮೂಲೆಗಳ ಹಿಂದೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಫಲಕಕ್ಕೂ ನಡುವೆ ಗಾಳಿಯಾಡುತ್ತದೆ. ಬಚ್ಚಲುಮನೆಗೆ ಅಂಟಿದ ಗೋಡೆ, ಮಳೆಗಾಲದಲ್ಲಿ ಬಣ್ಣ ಉದುರುವ ಗೋಡೆ, ನೇರ ಬಿಸಿಲು ಬೀಳುವ ಗೋಡೆ ಈ ಮೂರನ್ನೂ ಬಿಡಿ. ಮೊದಲ ರಾತ್ರಿ ಫಲಕದ ಕೆಳಗೆ ಹಾಸಿಗೆ ಹಾಸಿಡಿ. ತಮಾಷೆಯ ಮಾತಲ್ಲ, ನಾನು ಈಗಲೂ ಹಾಗೆಯೇ ಮಾಡುತ್ತೇನೆ.

ಮೊದಲ ಮಳೆಗಾಲದಲ್ಲಿ ಗಮನಿಸಬೇಕಾದ ಲಕ್ಷಣಗಳು

ತಿಂಗಳಿಗೊಮ್ಮೆ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ಕಾಗದದ ಅಂಚು ಎದ್ದಿದ್ದರೆ ತೆಳುವಾದ ಬ್ರಷ್ಷಿನಲ್ಲಿ ಅಂಟು ತೂರಿಸಿ ಒತ್ತಿದರೆ ಸಾಕು. ಲೋಹದ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೆ ಆ ವಸ್ತು ಸಡಿಲಾಗುತ್ತಿದೆ. ಬೀಳುವವರೆಗೆ ಕಾಯದೆ ಫಲಕವನ್ನು ಇಳಿಸಿ ತಂತಿ ಕಟ್ಟಿ. ಕಂದು ಉಂಗುರದ ಮೇಲೆ ಬಿಳಿ ಬಣ್ಣ ಬಳಿದು ಮುಚ್ಚಲು ಹೋಗಬೇಡಿ, ಅದು ಮತ್ತೆ ಮತ್ತೆ ಮೇಲೆ ಬರುತ್ತದೆ. ವಸ್ತುವನ್ನು ಕಿತ್ತು, ಲೇಪ ಕೊಟ್ಟು, ಕಲೆಯ ಮೇಲೆ ಥಿನ್ನರ್ ವಾರ್ನಿಷ್ ಒಂದು ಕೈ ಹಚ್ಚಿ, ಅದನ್ನು ಉಪ್ಪುಕಾಗದದಿಂದ ಒರಟಾಗಿಸಿ ಬಣ್ಣ ಬಳಿಯಬೇಕು. ಕೆಳಗಿನ ನೆಲದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರದೊಳಗೆ ಕೊರೆಹುಳ ಸೇರಿದೆ. ಅಂಥ ಫಲಕ ಫ್ರೀಜರಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಆ ಚೂರನ್ನಷ್ಟೇ ಕಿತ್ತು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ದಿನ ಮನೆಯಿಂದ ಹೊರಗೆ ಹಾಕಿ, ಪಕ್ಕದ ಮರದ ಸಾಮಾನುಗಳನ್ನೂ ತಿರುವಿ ನೋಡಿ.